ಊರೇ ನೋಡಿಕೊಳ್ಳುವ ಅಬ್ಬಿ ನೀರು: ಕೆಲವು ಮಳೆಗಾಲ, ಕೆಲವು ಬೇಸಿಗೆ ಬಳಸಿದ ಮೇಲಿನ ವಿಮರ್ಶೆ

ಮಲೆನಾಡಿನಲ್ಲಿ ಕುಡಿಯುವ ನೀರಿನ ಯೋಜನೆಯೊಂದರ ಯೋಗ್ಯತೆ ತಿಳಿಯುವುದು ವರ್ಷದಲ್ಲಿ ಎರಡೇ ಹೊತ್ತಿನಲ್ಲಿ: ಪುನರ್ವಸು, ಪುಷ್ಯ ಮಳೆಗಳು ಬಿಡದೆ ಹೊಯ್ಯುವ ಜುಲೈ ತಿಂಗಳಲ್ಲಿ ಮತ್ತು ಹಳ್ಳದ ತಳದ ಕಲ್ಲು ಕಾಣಿಸುವ ಏಪ್ರಿಲ್ ಕೊನೆಯಲ್ಲಿ. ಉಳಿದ ತಿಂಗಳುಗಳಲ್ಲಿ ಇಲ್ಲಿ ಎಂಥ ಪೈಪು ಹಾಕಿದರೂ ನೀರು ಬರುತ್ತದೆ, ಎಲ್ಲ ಗುತ್ತಿಗೆದಾರರೂ ಒಳ್ಳೆಯವರಾಗಿಯೇ ಕಾಣುತ್ತಾರೆ. ಹೊಸನಗರ ತಾಲ್ಲೂಕಿನ ನಗರ ಹೋಬಳಿಯ ಕಡೆಯ ನಮ್ಮ ಊರಿನಲ್ಲಿ, ಗುಡ್ಡದ ಮೇಲಿನ ಒರತೆಯಿಂದ ಗುರುತ್ವಾಕರ್ಷಣೆಯ ಬಲದಿಂದಲೇ ಇಳಿದು ಬರುವ, ಊರಿನವರ ಸಮಿತಿಯೇ ನಡೆಸುವ ಸಾಮೂಹಿಕ ನೀರಿನ ವ್ಯವಸ್ಥೆಯನ್ನು ನಮ್ಮ ಮನೆಯವರು 2021ರ ಬೇಸಿಗೆಯಿಂದ ಬಳಸುತ್ತಿದ್ದೇವೆ. ಆ ಎರಡೂ ಹೊತ್ತುಗಳಲ್ಲಿ ಅದು ಹೇಗೆ ನಡೆದುಕೊಂಡಿತು ಎಂಬುದನ್ನು ಮುಖ್ಯವಾಗಿಟ್ಟುಕೊಂಡು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಅಬ್ಬಿ ನೀರು, ಅಂದರೆ ಗುಡ್ಡದಿಂದ ತಾನಾಗಿ ಇಳಿದು ಬರುವ ನೀರು, ನಮಗೆ ಹೊಸದಲ್ಲ. ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹಳ್ಳದ ನೀರನ್ನು ಅಂಗಳದವರೆಗೆ ತಂದುಕೊಳ್ಳುತ್ತಿದ್ದ ಮನೆಗಳು ನಂತರ ಕಪ್ಪು ಪೈಪಿಗೆ ಬದಲಾದವು, ಅಷ್ಟೆ. ಆದರೆ ಅದು ಜಮೀನು ಇದ್ದವರ, ಹಳ್ಳದ ತಲೆಗೆ ಹತ್ತಿರ ಇದ್ದವರ ಅನುಕೂಲವಾಗಿತ್ತು. ಕೆಳಗಿನ ಕೇರಿಯವರೂ ಕೂಲಿ ಮಾಡಿ ಬದುಕುವವರೂ ಜಂಬಿಟ್ಟಿಗೆ ನೆಲದಲ್ಲಿ ತೋಡಿದ ಒಂದು ಬಾವಿಯನ್ನು ನೆಚ್ಚಿಕೊಂಡಿದ್ದರು. ಜಂಬಿಟ್ಟಿಗೆ ಜರಡಿಯಂಥ ನೆಲ. ಮಳೆ ಎಷ್ಟೇ ಸುರಿದರೂ ನೀರು ಬೇಗ ಜಾರಿ ಹಳ್ಳ ಸೇರುತ್ತದೆ, ಮಾರ್ಚ್ ದಾಟುವ ಹೊತ್ತಿಗೆ ಬಾವಿಯಲ್ಲಿ ಕೊಡ ಮುಳುಗುವುದಿಲ್ಲ. ಶರಾವತಿಯ ಹಿನ್ನೀರು ಕಣ್ಣೆದುರಿಗೇ ಇದ್ದು ಕುಡಿಯುವ ನೀರಿಗೆ ಟ್ಯಾಂಕರ್ ಕಾಯಬೇಕಾದ ಊರುಗಳು ಸಾಗರ, ಹೊಸನಗರದ ಕಡೆ ಇರುವುದಕ್ಕೂ ಇದೇ ಒಂದು ಕಾರಣ. ಊರಿಗೆಂದು ಕೊರೆಸಿದ ಕೊಳವೆಬಾವಿಯಲ್ಲಿ ನೀರೇನೋ ಬಂತು, ಆದರೆ ಅದರಲ್ಲಿ ಕಬ್ಬಿಣದ ಅಂಶ ಎಷ್ಟಿತ್ತೆಂದರೆ ಕೊಡದಲ್ಲಿ ರಾತ್ರಿ ಇಟ್ಟ ನೀರಿನ ತಳದಲ್ಲಿ ಬೆಳಿಗ್ಗೆ ಕೆಂಪು ಗಸಿ ಕೂತಿರುತ್ತಿತ್ತು. ಬಟ್ಟೆ ಒಗೆಯಲೂ ಆ ನೀರನ್ನು ಯಾರೂ ಬಯಸಲಿಲ್ಲ.

ಸಾಮೂಹಿಕ ಯೋಜನೆಗೆ ನಿಜವಾದ ತೊಡಕು ಎದುರಾದದ್ದು ಪೈಪಿನಲ್ಲಲ್ಲ, ಪೈಪು ಹಾದುಹೋಗುವ ಕಾಡಿನಲ್ಲಿ. ಒರತೆ ಇರುವುದು ಅರಣ್ಯ ಭೂಮಿಯಲ್ಲಿ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಪ್ರಕರಣವು ಕುಡಿಯುವ ನೀರಿನ ಸರಬರಾಜು ಮತ್ತು ನೀರಿನ ಕೊಳವೆ ಮಾರ್ಗಗಳಿಗಾಗಿ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿಯನ್ನು ಬಳಸಲು ಅವಕಾಶ ಕೊಡುತ್ತದೆ. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಇರಲೇಬೇಕು. ಈ ಕೊನೆಯ ಷರತ್ತೇ ನಮ್ಮ ಊರಿನಲ್ಲಿ ಜನರನ್ನು ಒಂದೆಡೆ ಕೂರಿಸಿತು ಎಂದು ನಾನು ತಿಳಿದಿದ್ದೇನೆ. ಯಾವ ದಾರಿಯಲ್ಲಿ ಪೈಪು ಇಳಿಯಬೇಕು, ಯಾರ ತೋಟದ ಅಂಚಿನಲ್ಲಿ ಅಗೆಯಬೇಕು, ತೋಟಕ್ಕೆ ಸೊಪ್ಪು ತರುವ ಯಾರ ಸೊಪ್ಪಿನ ಬೆಟ್ಟದಲ್ಲಿ ಟ್ಯಾಂಕು ಕಟ್ಟಬೇಕು ಎಂಬ ಮಾತುಗಳು ಅಗೆತಕ್ಕೆ ಮೊದಲೇ ಮುಗಿದಿದ್ದರಿಂದ ಮುಂದೆ ಜಗಳಕ್ಕೆ ಆಸ್ಪದ ಉಳಿಯಲಿಲ್ಲ.

2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ ಅನ್ನು ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಎಂದು ಕರೆಯುತ್ತಾರೆ. ಅದರ ಮಾರ್ಗಸೂಚಿಯಂತೆ ಊರಿನೊಳಗಿನ ಕಾಮಗಾರಿಯ ವೆಚ್ಚದಲ್ಲಿ ಗುಡ್ಡಗಾಡು ಮತ್ತು ಅರಣ್ಯ ಪ್ರದೇಶದ ಗ್ರಾಮಗಳು ಶೇಕಡಾ 5ರಷ್ಟನ್ನು, ಉಳಿದ ಗ್ರಾಮಗಳು ಸಾಮಾನ್ಯವಾಗಿ ಶೇಕಡಾ 10ರಷ್ಟನ್ನು ಭರಿಸಬೇಕು. ಹಣದ ಬದಲು ದುಡಿಮೆಯನ್ನೋ ಸಾಮಗ್ರಿಯನ್ನೋ ಕೊಡಬಹುದು. ನಮ್ಮಲ್ಲಿ ಅನೇಕ ಮನೆಗಳವರು ಕಾಲುವೆ ಅಗೆದು ತಮ್ಮ ಪಾಲು ಸಲ್ಲಿಸಿದರು. ಪೈಪು ಎಲ್ಲಿ ತಿರುಗುತ್ತದೆ, ಎಲ್ಲಿ ಬಂಡೆಯ ಮೇಲೆ ಹಾದಿದೆ ಎಂಬುದು ಅಗೆದವರಿಗೆಲ್ಲ ಗೊತ್ತಿರುವುದರಿಂದ ಇಂದು ಸೋರಿಕೆ ಹುಡುಕಲು ಎಂಜಿನಿಯರನ್ನು ಕರೆಸಬೇಕಾಗಿಲ್ಲ.

ಇನ್ನು ಮಳೆಗಾಲದ ಮಾತು. ಹಳ್ಳಕ್ಕೆ ಅಡ್ಡಲಾಗಿ ಚಿಕ್ಕದೊಂದು ಒಡ್ಡು, ಅದರ ಹಿಂದೆ ಕೆಸರು ತಂಗುವ ತೊಟ್ಟಿ, ಜಲ್ಲಿಯ ಸೋಸುಗುಂಡಿ, ಅದರಾಚೆ ನಿಧಾನ ಮರಳು ಶೋಧಕ, ಕೊನೆಗೆ ಸಂಗ್ರಹದ ಟ್ಯಾಂಕು, ಇದು ವ್ಯವಸ್ಥೆಯ ಕ್ರಮ. ನಿಧಾನ ಮರಳು ಶೋಧಕದ ಗುಟ್ಟು ಮರಳಿನಲ್ಲಿರುವುದಕ್ಕಿಂತ ಅದರ ಮೇಲ್ಪದರದಲ್ಲಿ ತಾನಾಗಿ ಬೆಳೆಯುವ ಜೈವಿಕ ಪೊರೆಯಲ್ಲಿದೆ. ರೋಗಾಣುಗಳಲ್ಲಿ ಹೆಚ್ಚಿನವು ಅಲ್ಲಿಯೇ ಉಳಿಯುತ್ತವೆ. ಕೆಂಪು ನೀರು ನುಗ್ಗಿದರೆ ಈ ಪೊರೆಗೆ ಕೆಸರು ಕಟ್ಟಿಕೊಂಡು ನೀರು ಇಳಿಯುವುದು ನಿಲ್ಲುತ್ತದೆ. ಆಗ ಮೇಲಿನ ಒಂದೆರಡು ಸೆಂಟಿಮೀಟರ್ ಮರಳನ್ನು ಕೆರೆದು ತೆಗೆಯಬೇಕು, ಕೆರೆದ ಮೇಲೆ ಪೊರೆ ಮತ್ತೆ ಬಲಿಯುವವರೆಗೆ ಕೆಲವು ದಿನ ಆ ನೀರನ್ನು ಕಾಯಿಸದೆ ಕುಡಿಯಬಾರದು. ಮೊದಲ ವರ್ಷ ಇದನ್ನು ಯಾರೂ ನಮಗೆ ಸರಿಯಾಗಿ ವಿವರಿಸಲಿಲ್ಲ. ಕೆಂಪು ನೀರನ್ನು ಒಳಗೆ ಬಿಡದೆ ಹಳ್ಳಕ್ಕೇ ಹರಿಸುವ ತೂಬು ಇದ್ದರೂ ಅದನ್ನು ಮಳೆ ಜೋರಾಗುವ ಮೊದಲೇ ತಿರುಗಿಸಬೇಕೆಂಬುದು ಅಭ್ಯಾಸವಾಗಲು ಸಮಯ ಹಿಡಿಯಿತು. ಈಗ ಮೋಡ ನೋಡಿ ತೂಬು ತಿರುಗಿಸುವವರು ಊರಿನಲ್ಲಿ ಹಲವರಿದ್ದಾರೆ.

ಬ್ಲೀಚಿಂಗ್ ಪುಡಿಯ ಬಗ್ಗೆ ನನ್ನ ದೂರು ಇನ್ನೂ ಉಳಿದಿದೆ. ತಿಳಿಯಾದ ನೀರಾದರೆ 1,000 ಲೀಟರಿಗೆ ಸುಮಾರು 2.5 ಗ್ರಾಂ ಪುಡಿ ಬೆರೆಸಿ ಅರ್ಧ ಗಂಟೆ ಬಿಟ್ಟರೆ ಸಾಮಾನ್ಯವಾಗಿ ಸಾಕು. ಬಳಕೆಯ ಜಾಗದಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂಬುದು ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500ರ ನಿಯಮ. ಆದರೆ ಮಲೆನಾಡಿನ ಮಳೆಗಾಲದ ಥಂಡಿಯಲ್ಲಿ ಬಾಯಿ ಬಿಚ್ಚಿದ ಪುಡಿಯ ಚೀಲ ಬೇಗ ಕಸುವು ಕಳೆದುಕೊಳ್ಳುತ್ತದೆ, ಮತ್ತು ವರ್ಷಕ್ಕೆ ಬೇಕಾದಷ್ಟನ್ನು ಒಮ್ಮೆಗೇ ತಂದು ಟ್ಯಾಂಕಿನ ಪಕ್ಕದ ಶೆಡ್ಡಿನಲ್ಲಿ ಪೇರಿಸಿಡುವ ಪದ್ಧತಿ ಇನ್ನೂ ಬದಲಾಗಿಲ್ಲ. ಎರಡು ತಿಂಗಳಿಗೊಮ್ಮೆ ಚಿಕ್ಕ ಡಬ್ಬಿಗಳಲ್ಲಿ ತರಿಸಬೇಕೆಂದು ಸಭೆಯಲ್ಲಿ ಹೇಳುತ್ತಲೇ ಇದ್ದೇನೆ.

ಗುಡ್ಡದ ನೀರು ತಾನಾಗಿಯೇ ಶುದ್ಧ ಎಂಬ ನಂಬಿಕೆ ನಮ್ಮವರಲ್ಲಿ ಬಲವಾಗಿತ್ತು. ಅದನ್ನು ಕದಲಿಸಿದ್ದು ಭಾಷಣವಲ್ಲ, ಒಂದು ಸಣ್ಣ ಗಾಜಿನ ಬಾಟಲಿ. ಹೈಡ್ರೋಜನ್ ಸಲ್ಫೈಡ್ ಪರೀಕ್ಷೆಯ ಆ ಬಾಟಲಿಗೆ ಗುರುತಿನವರೆಗೆ ನೀರು ತುಂಬಿ ಒಂದೆರಡು ದಿನ ಹಾಗೆಯೇ ಇಟ್ಟಾಗ, ಮಲದ ಸೋಂಕು ಇರಬಹುದಾದ ನೀರು ಕಪ್ಪಾಗುತ್ತದೆ. ಪ್ರತಿ ಗ್ರಾಮದಲ್ಲಿ ಐದು ಮಂದಿ ಮಹಿಳೆಯರಿಗೆ ನೀರಿನ ಪರೀಕ್ಷೆ ಕಲಿಸಬೇಕೆಂಬುದು ಮಿಷನ್‌ನ ನಿಯಮ. ನಮ್ಮಲ್ಲಿ ಕಲಿತವರು ಒರತೆಯ ಬಾಯಿ, ಟ್ಯಾಂಕು ಮತ್ತು ಕೊನೆಯ ಮನೆಯ ನಲ್ಲಿ, ಈ ಮೂರೂ ಕಡೆಯ ನೀರನ್ನು ಪರೀಕ್ಷಿಸಿದಾಗ ಒರತೆಯದೇ ಮೊದಲು ಕಪ್ಪಾಯಿತು. ಮೇಲಿನ ಗೋಮಾಳದ ದನಗಳು ಒಡ್ಡಿಗೇ ಇಳಿಯುತ್ತಿದ್ದವು. ಬೇಲಿ ಹಾಕಿಸಿದ್ದು, ಸ್ವಲ್ಪ ಕೆಳಗೆ ದನಗಳಿಗೆ ಬೇರೆ ತೊಟ್ಟಿ ಕಟ್ಟಿಸಿದ್ದು ಆಮೇಲೆ. ಅಡಿಕೆಗೆ ಕೊಳೆರೋಗ ಬಾರದಂತೆ ಹೊಡೆಯುವ ಬೋರ್ಡೋ ದ್ರಾವಣಕ್ಕಾಗಿ ಹಳ್ಳದ ತಲೆಯಲ್ಲಿಯೇ ಮೈಲುತುತ್ತ ಕದಡುವ ಅಭ್ಯಾಸವೂ ಆ ಮಳೆಗಾಲಕ್ಕೇ ನಿಂತಿತು. ಬ್ಯಾರಲ್ ಈಗ ಒಡ್ಡಿನ ಕೆಳಗೆ ಮಾತ್ರ ಇಡಬೇಕು.

ಬೇಸಿಗೆಯ ಪರೀಕ್ಷೆ ಇದಕ್ಕಿಂತ ಕಠಿಣ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದ ವರ್ಷದ ಮುಂದಿನ ಬೇಸಿಗೆಯಲ್ಲಿ ಒರತೆ ಬಹಳ ಸಣ್ಣಗಾಯಿತು. ಅದೇ ಹೊತ್ತಿಗೆ ತೋಟಗಳಿಗೂ ನೀರು ಬೇಕು, ಮತ್ತು ಕುಡಿಯುವ ನೀರಿನ ಪೈಪಿಗೆ ರಾತ್ರಿ ಸ್ಪ್ರಿಂಕ್ಲರ್ ಜೋಡಿಸುವ ಆಸೆ ಯಾರಿಗೂ ಬರಬಹುದು. ಬಂದಿತು ಕೂಡ. ಸಮಿತಿ ದಂಡ ಹಾಕಲಿಲ್ಲ. ತಪ್ಪಿದವರ ಹೆಸರು ಹೇಳದೆ, ಇಡೀ ಊರಿಗೆ ಬೆಳಿಗ್ಗೆ ಒಂದು ಗಂಟೆ ಮಾತ್ರ ನೀರು ಬಿಡುವ ತೀರ್ಮಾನ ತೆಗೆದುಕೊಂಡಿತು. ಪಕ್ಕದ ಮನೆಯವರೇ ಮಾತಾಡಿ ಸರಿಪಡಿಸಿದರು. ದಂಡ ಹಾಕಬೇಕಿತ್ತು ಎಂಬುದು ಈಗಲೂ ನನ್ನ ಅಭಿಪ್ರಾಯ, ಏಕೆಂದರೆ ಕೆಳಗಿನ ಕೇರಿಯವರು ತಮ್ಮದಲ್ಲದ ತಪ್ಪಿಗೆ ಕೊಡ ಹಿಡಿದು ಕಾದರು. ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂಬ ಸರ್ಕಾರದ ಲೆಕ್ಕ ಆ ಏಪ್ರಿಲಿನಲ್ಲಿ ನಮಗೆ ಮುಟ್ಟಲಿಲ್ಲ. ಆ ಲೆಕ್ಕದಲ್ಲಿ ಕೊಟ್ಟಿಗೆಯ ಪಾಲು ಸೇರಿಲ್ಲ ಎಂಬುದನ್ನೂ ಹೈನು ಇರುವ ಮನೆಯವರು ಗಮನಿಸಬೇಕು. ಆದರೂ ಟ್ಯಾಂಕರ್ ತರಿಸಲಿಲ್ಲ, ಕುಡಿಯಲು ಮತ್ತು ಅಡುಗೆಗೆ ಒಂದು ದಿನವೂ ತಪ್ಪಲಿಲ್ಲ. ಆ ವರ್ಷದಿಂದ ಒರತೆಯ ಮೇಲಿನ ಇಳಿಜಾರಿನಲ್ಲಿ ಇಂಗುಗುಂಡಿ ತೋಡುವ ಕೆಲಸ ಉದ್ಯೋಗ ಖಾತ್ರಿಯಲ್ಲಿ ನಡೆಯುತ್ತಿದೆ. ಅದರ ಫಲವನ್ನು ಈಗಲೇ ಹೇಳುವುದು ಅವಸರವಾದೀತು.

ನಿರ್ವಹಣೆಯ ಭಾರವೆಲ್ಲ ನೀರುಗಂಟಿಯ ಮೇಲಿದೆ. ಜಾಲರಿಗೆ ಎಲೆ ಕಟ್ಟುತ್ತದೆ, ಏಡಿ ಪೈಪಿನೊಳಗೆ ಸಿಕ್ಕಿಬೀಳುತ್ತದೆ, ಮುಳ್ಳುಹಂದಿ ಪೈಪು ಕಡಿಯುತ್ತದೆ, ಏರಿಳಿತದ ಜಾಗದಲ್ಲಿ ಗಾಳಿ ಹಿಡಿದು ನೀರು ನಿಲ್ಲುತ್ತದೆ. ಗಾಳಿ ಬಿಡುವ ವಾಲ್ವನ್ನು ಗುತ್ತಿಗೆದಾರರು ಹಾಕದೆ ಬಿಟ್ಟಿದ್ದರು. ಊರಿನ ನಿಧಿಯಿಂದ ಅದನ್ನು ಹಾಕಿಸಿದ ಮೇಲೆ ಅರ್ಧ ತೊಂದರೆ ಕಡಿಮೆಯಾಯಿತು. ಬೇಸಿಗೆಯಲ್ಲಿ ಇನ್ನೊಂದು ಆತಂಕವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗುಗಳ ಮೂಲಕ ಹರಡುವುದೂ ಒರತೆಗೆ ಹೆಚ್ಚು ಸಲ ಹೋಗಬೇಕಾಗುವುದೂ ಅದೇ ತಿಂಗಳುಗಳಲ್ಲಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ ಹಚ್ಚಿಕೊಳ್ಳದೆ, ಮೈ ಮುಚ್ಚುವ ಬಟ್ಟೆಯಿಲ್ಲದೆ ಯಾರನ್ನೂ ಮೇಲೆ ಕಳಿಸಬಾರದೆಂದು ಸಮಿತಿ ನಿಯಮ ಮಾಡಿದೆ. ಇಂಥ ಕೆಲಸಕ್ಕೆ ನೀರುಗಂಟಿಗೆ ಸಿಗುವ ಸಂಬಳ ಏನೇನೂ ಸಾಲದು. ಮನೆಗೆ ತಿಂಗಳಿಗೆ 100 ರೂಪಾಯಿ ಕೊಡುವ ನಾವೇ ಅದನ್ನು 150 ಮಾಡಲು ಹಿಂದೆಮುಂದೆ ನೋಡುತ್ತಿದ್ದೇವೆ, ಡಿಶ್ ಟಿವಿಗೆ ಅದಕ್ಕಿಂತ ಹೆಚ್ಚು ಕೊಡುತ್ತಿದ್ದರೂ.

ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂಬ ನಿಯಮ ನಮ್ಮಲ್ಲಿ ಪಾಲನೆಯಾಗಿದೆ, ಆದರೆ ಸಭೆ ಸಂಜೆ ಹಾಲು ಕರೆಯುವ ಹೊತ್ತಿಗೇ ಸೇರುತ್ತದೆ. ಹೊತ್ತು ಬದಲಿಸಿದರೆ ಲೆಕ್ಕಪತ್ರ ಇನ್ನಷ್ಟು ಚೊಕ್ಕವಾಗುತ್ತದೆಂದು ನನಗೆ ಖಾತ್ರಿಯಿದೆ.

ಇದನ್ನು ಯಾರಿಗೆ ಹೇಳಬಹುದು? ವರ್ಷವಿಡೀ ಬತ್ತದ ಒರತೆ ಊರಿಗಿಂತ ಎತ್ತರದಲ್ಲಿದ್ದು, ಮನೆಗಳು ಒಂದೇ ಕಣಿವೆಯಲ್ಲಿದ್ದರೆ ಇದಕ್ಕಿಂತ ಅಗ್ಗದ, ಕರೆಂಟಿನ ಹಂಗಿಲ್ಲದ ವ್ಯವಸ್ಥೆ ಇನ್ನೊಂದಿಲ್ಲ. ಗಾಳಿಮಳೆಗೆ ವಾರಗಟ್ಟಲೆ ಕರೆಂಟು ಹೋದಾಗಲೂ ನಮ್ಮ ನಲ್ಲಿ ನಿಲ್ಲಲಿಲ್ಲ. ನೀರಿನ ಲವಣ ತೆಗೆಯುವ ಆರ್‌ಒ ಘಟಕ ಬೇಕೆಂದು ಕೇಳುವ ಅಕ್ಕಪಕ್ಕದ ಊರಿನವರಿಗೆ ನನ್ನ ಸಲಹೆ ಬೇರೆ. ಪಾವಗಡದಂಥ ಫ್ಲೋರೈಡ್ ಇರುವ ಬಯಲುಸೀಮೆಗೆ ಆ ಯಂತ್ರ ಬೇಕು. ಲವಣಾಂಶ ಮೊದಲೇ ಕಡಿಮೆ ಇರುವ ಮಲೆನಾಡಿನ ಮೆದು ನೀರಿಗೆ ಅದನ್ನು ಹಾಕಿ ಒಂದು ಪಾಲು ನೀರನ್ನು ಚರಂಡಿಗೆ ಬಿಡುವುದು ದಂಡ. ಮನೆಗಳು ಗುಡ್ಡದಿಂದ ಗುಡ್ಡಕ್ಕೆ ಚದುರಿರುವ ತೀರ್ಥಹಳ್ಳಿ, ಆಗುಂಬೆ ಕಡೆಯ ಒಂಟಿ ಮನೆಗಳಿಗೆ ನಮ್ಮ ಮಾದರಿಯೂ ಹೊಂದುವುದಿಲ್ಲ. ಅಲ್ಲಿ ಮನೆಯ ಬಾವಿಗೇ ಕಟ್ಟೆ, ಮುಚ್ಚಳ ಮಾಡಿಸಿ, ಮಳೆಗಾಲದಲ್ಲಿ ನೀರನ್ನು ಕಾಯಿಸಿ ಕುಡಿಯುವುದೇ ಮೇಲು. ಐದಕ್ಕೆ ಅಂಕ ಕೊಡುವುದಾದರೆ ಜುಲೈಗೆ ಮೂರೂವರೆ, ಏಪ್ರಿಲಿಗೆ ಮೂರು, ಉಳಿದ ತಿಂಗಳುಗಳಿಗೆ ಐದು. ಬ್ಲೀಚಿಂಗ್ ಪುಡಿಯ ಖರೀದಿ ಮತ್ತು ನೀರುಗಂಟಿಯ ಸಂಬಳ ಮುಂದಿನ ಗ್ರಾಮಸಭೆಯ ಪಟ್ಟಿಯಲ್ಲಿವೆ; ಅವೆರಡೂ ಸರಿಹೋದರೆ ಜುಲೈಯ ಅಂಕವನ್ನು ತಿದ್ದುತ್ತೇನೆ.