ಮೂರು ಫ್ಯಾನಿಗೆ ಮೂರು ಬಗೆ: ಬ್ರಷ್ಷೋ, ಸ್ಪ್ರೇ ಡಬ್ಬಿಯೋ, ಗ್ಯಾರೇಜೋ?

ಕೊಡಗಿನ ಸೋಮವಾರಪೇಟೆ ಕಡೆಯ ನಮ್ಮ ಮನೆಯಲ್ಲಿ ಫ್ಯಾನ್ ತಿರುಗೋದು ವರ್ಷಕ್ಕೆ ಹೆಚ್ಚೆಂದರೆ ಮೂರು ತಿಂಗಳು. ಮಿಕ್ಕ ದಿನವೆಲ್ಲ ನೇತಾಡಿಕೊಂಡು ಥಂಡಿ ಕುಡೀತಿರುತ್ತೆ. ಮಳೆಗಾಲ ಮುಗಿಯೋ ಹೊತ್ತಿಗೆ ರಾಡಿಗೂ ಮೇಲಿನ ಬಟ್ಟಲಿಗೂ ತುಕ್ಕು, ರೆಕ್ಕೆಗೆ ಬೂಷ್ಟು. ಮೋಟಾರ್ ಮಾತ್ರ ಗಟ್ಟಿ. ಅಂಥದ್ದನ್ನು ಗುಜರಿಗೆ ಹಾಕೋಕೆ ಮನಸ್ಸಾಗಲಿಲ್ಲ. ಮೂರು ಫ್ಯಾನಿಗೂ ಬೇರೆ ಬೇರೆ ರೀತಿ ಬಣ್ಣ ಮಾಡಿ ನೋಡಿದೆ.

ಮೊದಲು ಊಟದ ಕೋಣೆಯದು, ಬ್ರಷ್ ಮತ್ತು ಎನಾಮಲ್. ಅತಿ ಅಗ್ಗ: ಕಾಲು ಲೀಟರ್ ಡಬ್ಬಿ ತಂದಿದ್ದೆ, ಅರ್ಧ ಉಳೀತು. ಆದರೆ ತಪ್ಪೆಲ್ಲ ಇಲ್ಲೇ ಆಯ್ತು. ಸೌದೆ ಒಲೆಯ ಹೊಗೆ ತಿಂದ ರೆಕ್ಕೆ, ಮುಟ್ಟಿದರೆ ಅಂಟು. ಒದ್ದೆ ಬಟ್ಟೆಯಲ್ಲಿ ಒರೆಸಿ ಸಾಕು ಅಂದುಕೊಂಡೆ. ಸೋಪು ಹಾಕಿದ ಬಿಸಿನೀರಲ್ಲಿ ತಿಕ್ಕಿ, 320 ನಂಬರಿನ ಉಪ್ಪು ಕಾಗದ (ಸ್ಯಾಂಡ್ ಪೇಪರ್) ಆಡಿಸಬೇಕಿತ್ತು. ಮೇಲಾಗಿ ಎಲ್ಲದಕ್ಕೂ ರೆಡ್ ಆಕ್ಸೈಡ್ ಬಳಿದೆ. ಅದು ಕಬ್ಬಿಣದ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಬಳಿಯೋ ತಳಕೋಟು. ರೆಕ್ಕೆ ಅಲ್ಯೂಮಿನಿಯಂ ಅನ್ನೋದು ಫ್ರಿಜ್ ಬಾಗಿಲಿನ ಅಯಸ್ಕಾಂತ ಹಿಡಿದು ನೋಡಿದ್ದರೆ ಆವತ್ತೇ ತಿಳೀತಿತ್ತು. ಅಲ್ಯೂಮಿನಿಯಮ್ಮಿಗೆ ಹಳದಿ ಬಣ್ಣದ ಜಿಂಕ್ ಕ್ರೋಮೇಟ್ ಪ್ರೈಮರ್ ಬೇಕು. ಈಗ ಉಗುರಲ್ಲಿ ಕೆರೆದರೆ ರೆಕ್ಕೆಯ ಬಣ್ಣ ಹಪ್ಪಳದ ಹಾಗೆ ಏಳುತ್ತೆ; ಅದೇ ದಿನ ಬಳಿದ ರಾಡು ಮಾತ್ರ ಇವತ್ತಿಗೂ ಹೊಸದರಂತಿದೆ.

ಇನ್ನೊಂದು ತೊಂದರೆ ತೂಕದ್ದು. ಬ್ರಷ್ಷಿನ ಬಣ್ಣ ರೆಕ್ಕೆಯ ಅಂಚಿಗೆ ಇಳಿದು ಗೆರೆಗಟ್ಟಿತ್ತು. ಫ್ಯಾನ್ ಮೂರನೇ ನಂಬರಿಗೆ ಬಂತೋ ಇಲ್ಲವೋ, ರಾಡು ಸಮೇತ ಓಲಾಡತೊಡಗಿತು. "ತಟ್ಟೆ ಮೇಲೆ ಬಿದ್ದೀತು, ಆಫ್ ಮಾಡೋ" ಅಂದರು ಅಮ್ಮ. ಒಂದು ರೂಪಾಯಿ ನಾಣ್ಯವನ್ನು ಒಂದೊಂದೇ ರೆಕ್ಕೆಯ ಬೆನ್ನಿಗೆ ಟೇಪಲ್ಲಿ ಅಂಟಿಸಿ ನೋಡಿದೆ. ಎರಡನೇ ರೆಕ್ಕೆಯಲ್ಲಿ, ನಡುವಿಗಿಂತ ಸ್ವಲ್ಪ ತುದಿಗೆ ಇಟ್ಟಾಗ ಓಲಾಟ ನಿಂತಿತು. ನಾಣ್ಯ ಇನ್ನೂ ಅಲ್ಲೇ ಇದೆ.

ಹಾಲ್‌ನ ಫ್ಯಾನಿಗೆ 400 ಮಿ.ಲೀ. ಸ್ಪ್ರೇ ಡಬ್ಬಿ. ಮೂರು ರೆಕ್ಕೆಯ ಎರಡೂ ಬದಿಗೆ ಒಂದು ಡಬ್ಬಿ ಸಾಕು, ಮೋಟಾರಿನ ಕವಚವೂ ಸೇರಿದರೆ ಎರಡು. ಜೂನ್‌ನಲ್ಲಿ ಕಾರ್ ಶೆಡ್ಡಲ್ಲಿ ಹೊಡೆದೆ, ಹೊರಗೆ ಜಿಟಿಜಿಟಿ ಮಳೆ. ಕಂದು ಬಣ್ಣ ಕಣ್ಣೆದುರೇ ಹಾಲು ಬೆರೆಸಿದಂತೆ ಬಿಳಿಚಿಕೊಂಡಿತು. ಬಣ್ಣದಲ್ಲಿರೋ ಥಿನ್ನರ್ ಬೇಗ ಆರುವಾಗ ಲೋಹದ ಮೈ ತಣ್ಣಗಾಗುತ್ತೆ, ಗಾಳಿಯ ತೇವ ಬಂದು ಅಲ್ಲೇ ಕೂರುತ್ತೆ. ಉಜ್ಜಿ ತೆಗೆದು, ಫೆಬ್ರವರಿವರೆಗೆ ಕಾದು, ಮತ್ತೆ ಹೊಡೆದೆ. ಒಂದಡಿ ದೂರದಿಂದ ಮೂರು ತೆಳು ಕೋಟು, ನಡುವೆ ಕಾಲು ಗಂಟೆ ಬಿಡುವು. ಮೋಟಾರಿನ ಗಾಳಿತೂತುಗಳಿಗೆ ಟೇಪ್ ಹಚ್ಚೋದು ಮರೀಬೇಡಿ. ಈ ಸಲ ಗೆರೆಯಿಲ್ಲ, ಓಲಾಟವೂ ಇಲ್ಲ. ಕೊನೆಯ ರೆಕ್ಕೆಯೊಂದನ್ನು ಮಾರ್ಚ್‌ಗೆ ಉಳಿಸಿಕೊಂಡಿದ್ದೇ ಎಡವಟ್ಟು. ಹೂಮಳೆ ಬಿದ್ದು ಕಾಫಿ ಹೂ ಅರಳಿತ್ತು, ತೋಟದ ತುಂಬ ಹುಳು. ಕಣದಲ್ಲಿ ಆರಲು ಇಟ್ಟ ರೆಕ್ಕೆಗೆ ಏಳೆಂಟು ಅಂಟಿಕೊಂಡು ಕಾಲು ಆಡಿಸ್ತಿದ್ದವು.

ಮಹಡಿ ಕೋಣೆಯದನ್ನು ಕುಶಾಲನಗರದ ಒಂದು ಕಾರ್ ಪೇಂಟಿಂಗ್ ಗ್ಯಾರೇಜಿಗೆ ಕೊಟ್ಟೆ. ಜುಲೈ ತಿಂಗಳು. ಬೆಟ್ಟ ಇಳಿದರೆ ಮಳೆ ಕಮ್ಮಿ ನೋಡಿ, ಅಲ್ಲಿ ಬಣ್ಣ ಬಿಳಿಚಲಿಲ್ಲ. ಗನ್ನಲ್ಲಿ ಹೊಡೆದ ಹೊಳಪು ಡಬ್ಬಿಗೆ ಬರೋದೇ ಇಲ್ಲ, ಮುಖ ಕಾಣುತ್ತೆ. ದುಡ್ಡು ಮಾತ್ರ ಹೊಸ ಫ್ಯಾನಿನ ಅರ್ಧದಷ್ಟಾಯ್ತು. ಯಾವ ರೆಕ್ಕೆ ಎಲ್ಲಿಗೆ ಅಂತ ಗುರುತಿಗೆ ನಾನು ಪೆನ್ಸಿಲಲ್ಲಿ ಬರೆದ 1, 2, 3 ಅವರು ಉಜ್ಜುವಾಗ ಹೋಗಿತ್ತು, ಸ್ಕ್ರೂ ತೂತುಗಳೂ ಬಣ್ಣ ತುಂಬಿ ಮುಚ್ಚಿದ್ದವು. "ಅದೇನು ದೊಡ್ಡ ವಿಷಯ ಅಣ್ಣ, ಚುಚ್ಚಿದರೆ ಬಿಡುತ್ತೆ" ಅಂದ ಹುಡುಗ. ಚುಚ್ಚಿ, ಅದಲು ಬದಲು ಮಾಡಿ ಕೂರಿಸೋಕೆ ಒಂದು ಭಾನುವಾರ ಪೂರ್ತಿ ಹೋಯ್ತು.

ನನ್ನ ಆಯ್ಕೆ ಕಲಬೆರಕೆ: ರೆಕ್ಕೆಗೆ ಸ್ಪ್ರೇ, ರಾಡು ಬಟ್ಟಲಿಗೆ ಬ್ರಷ್. ಗ್ಯಾರೇಜು, ಮಳೆಗಾಲದಲ್ಲೇ ಆಗಲೇಬೇಕು ಅನ್ನುವವರಿಗೆ. ಊಟದ ಕೋಣೆಯದನ್ನು ಮತ್ತೆ ಇಳಿಸಬೇಕು, ಕಣದಿಂದ ಕಾಫಿ ಎತ್ತಿದ ಮೇಲೆ, ಹೂಮಳೆಗೆ ಮುಂಚೆ.