ಆರೋಗ್ಯ ಸಮೀಕ್ಷೆಯ ಜಿಲ್ಲಾ ಹಾಳೆ: ನಮಗೆ ಬೇಕಿದ್ದ ಸಾಲೇ ಇಲ್ಲ

ಹಾಸನ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಮಹಿಳೆಯರ ಆಪ್ತಸಮಾಲೋಚನೆ ಕೇಂದ್ರವೊಂದರಲ್ಲಿ ಒಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಬಂದವರ ಮಾತು ಕೇಳುವುದು, ರಿಜಿಸ್ಟರಿನಲ್ಲಿ ಬರೆಯುವುದು, ತಿಂಗಳ ಕೊನೆಗೆ ವರದಿ ಕಳಿಸುವುದು. ಈ ಕೆಲಸಕ್ಕೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019-21) ಅಂಕಿಅಂಶದ ಹಾಳೆಗಳನ್ನು (ಫ್ಯಾಕ್ಟ್ ಶೀಟ್) ತುಂಬಾ ಬಳಸಿದ್ದೇನೆ. ನನ್ನ ಹಾಗೆ ತಾಲ್ಲೂಕು ಮಟ್ಟದಲ್ಲಿ ಇರುವವರಿಗೆ ಅದರಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅಂತ ಗೊತ್ತಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ರಾಜ್ಯದ ಹಾಳೆ ಚೆನ್ನಾಗಿದೆ. ದುಡ್ಡು ಕೊಡಬೇಕಿಲ್ಲ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. 131 ಅಂಕಿಗಳಿವೆ. ಕರ್ನಾಟಕದಲ್ಲಿ 18ರಿಂದ 49 ವರ್ಷದ, ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44.4 ಮಂದಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ. ಹಿಂದಿನ ಸುತ್ತಿನಲ್ಲಿ ಇದು 20.6 ಇತ್ತು. ಇಡೀ ದೇಶದ್ದು 29.3.

ಈ ಅಂಕಿಯನ್ನು ನಾನು ನಂಬುವುದು ಅವರು ಕೇಳಿದ ರೀತಿಗಾಗಿ. "ನಿಮ್ಮ ಮನೇಲಿ ಹಿಂಸೆ ಇದೆಯಾ" ಅಂತ ಅವರು ಕೇಳುವುದಿಲ್ಲ. ಕಪಾಳಕ್ಕೆ ಹೊಡೆದಿದ್ದಾರಾ, ಕೈ ತಿರುಚಿದ್ದಾರಾ ಇಲ್ಲವೇ ಕೂದಲು ಹಿಡಿದು ಎಳೆದಿದ್ದಾರಾ, ತಳ್ಳಿದ್ದಾರಾ, ಒದ್ದಿದ್ದಾರಾ ಅಂತ ಬಿಡಿಬಿಡಿಯಾಗಿ ಕೇಳುತ್ತಾರೆ. ಒಂದು ಮನೆಯಲ್ಲಿ ಒಬ್ಬರನ್ನೇ ಕೇಳುತ್ತಾರೆ, ಅದೂ ಪಕ್ಕದಲ್ಲಿ ಯಾರೂ ಇಲ್ಲದಿದ್ದಾಗ.

ಇದು ಎಷ್ಟು ಮುಖ್ಯ ಅಂತ ನನಗೆ ಗೊತ್ತು. ಒಮ್ಮೆ ಒಬ್ಬ ಹುಡುಗಿ ಅತ್ತೆ ಜೊತೆ ಬಂದಿದ್ದಳು. "ಏನಿಲ್ಲ ಮೇಡಂ, ಸುಮ್ನೆ ಬೇಜಾರು" ಅಂದಳು. ಅತ್ತೆ ಟೀ ಕುಡಿಯೋಕೆ ಎದ್ದು ಹೋದ ಮೇಲೆ ಬಳೆಗಳನ್ನು ಮೇಲಕ್ಕೆ ಸರಿಸಿದಳು. ಮಣಿಕಟ್ಟಿನ ಮೇಲೆ ನಾಲ್ಕು ಬೆರಳಿನ ಗುರುತು. "ಹೊಡೆದಿದ್ದಲ್ಲ ಮೇಡಂ, ಹಿಡ್ಕೊಂಡಿದ್ದು ಅಷ್ಟೇ" ಅಂದಳು. "ಹೊಡೆದರಾ" ಅಂತಷ್ಟೇ ಕೇಳಿದ್ದರೆ ಅವಳ ಉತ್ತರ "ಇಲ್ಲ" ಅಂತಲೇ ಇರುತ್ತಿತ್ತು.

ಬಳಸುವಾಗ ಒಂದು ಎಚ್ಚರ. ಭಾಷಣಗಳಲ್ಲಿ "ಲಾಕ್‌ಡೌನ್‌ನಿಂದ 44ಕ್ಕೆ ಏರಿತು" ಅಂತ ಕೇಳಿದ್ದೇನೆ. ತಪ್ಪು. ಕರ್ನಾಟಕದಲ್ಲಿ ಮನೆಮನೆಗೆ ಹೋಗಿ ಕೇಳಿದ್ದು 2019ರಲ್ಲಿ, ಕೊರೊನಾ ಬರುವ ಮೊದಲೇ. ಹಾಗೇ 20.6 ಇದ್ದದ್ದು 44.4 ಆಯಿತು ಅಂದರೆ ಹೊಡೆತ ಎರಡು ಪಟ್ಟಾಯಿತು ಅಂತಲೇ ಅರ್ಥವಲ್ಲ. ಹಿಂದಿನ ಸಲ ಹೇಳಿಕೊಳ್ಳದವರು ಈ ಸಲ ಹೇಳಿಕೊಂಡಿರಲೂಬಹುದು.

ಇನ್ನು ಜಿಲ್ಲಾ ಹಾಳೆ. ಹಾಸನದ್ದು ತೆಗೆದೆ. 104 ಅಂಕಿಗಳು. ಬಾಲ್ಯವಿವಾಹ ಇದೆ, ರಕ್ತಹೀನತೆ ಇದೆ. ಗಂಡನ ಹಿಂಸೆಯ ಸಾಲು ಇಲ್ಲ. ಎರಡು ಸಲ ಮೇಲಿಂದ ಕೆಳಗೆ ಬೆರಳಿಟ್ಟು ನೋಡಿದೆ. ಆಮೇಲೆ ಕಾರಣ ತಿಳಿಯಿತು. ಈ ಪ್ರಶ್ನೆಗಳನ್ನು ಸುಮಾರು ನೂರಕ್ಕೆ 15 ಮನೆಗಳಲ್ಲಿ ಮಾತ್ರ ಕೇಳುತ್ತಾರೆ. ಅದನ್ನು ಜಿಲ್ಲೆಗೆ ಒಡೆದರೆ ಸಿಗುವವರು ತೀರಾ ಕಡಿಮೆ, ಅಂಕಿ ನಿಲ್ಲುವುದಿಲ್ಲ. ಕಾರಣ ಸರಿಯೇ. ಆದರೂ ನನಗೆ ಬೇಸರವಿದೆ, ಯಾಕೆಂದರೆ ದುಡ್ಡು, ಸಿಬ್ಬಂದಿ ಎಲ್ಲ ತೀರ್ಮಾನವಾಗುವುದು ಜಿಲ್ಲೆಯ ಸಭೆಗಳಲ್ಲಿ. ಅಂಥ ಒಂದು ಸಭೆಯಲ್ಲಿ ಒಬ್ಬ ಅಧಿಕಾರಿ ಪೊಲೀಸ್ ಕೇಸುಗಳ ಪಟ್ಟಿ ಹಿಡಿದು, "ನಮ್ಮಲ್ಲಿ ಅಷ್ಟೇನೂ ಇಲ್ಲಮ್ಮ" ಅಂದರು. ಅದಕ್ಕೆ ಎದುರಾಗಿ ಇಡಲು ನನ್ನ ಕೈಯಲ್ಲಿ ಜಿಲ್ಲೆಯ ಒಂದು ಅಂಕಿಯೂ ಇರಲಿಲ್ಲ.

ಅಲ್ಲಿಂದ ನಮ್ಮ ರಿಜಿಸ್ಟರನ್ನೇ ಸರಿ ಮಾಡಲು ಕೂತೆವು. "ಕಾರಣ" ಅನ್ನುವ ಕಾಲಂನಲ್ಲಿ ಎಲ್ಲರಿಗೂ ಒಂದೇ ಪದ ಬರೆದಿದ್ದೆವು: ಕೌಟುಂಬಿಕ ಕಲಹ. ಮಣಿಕಟ್ಟು ತೋರಿಸಿದ ಹುಡುಗಿಯದ್ದೂ ಅದೇ. ಬದಲಿಗೆ 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ನಮೂನೆ 1 ಹಿಡಿದೆವು. ಈ ಕಾಯ್ದೆಯಡಿ ನೇಮಕವಾದ ಸಂರಕ್ಷಣಾಧಿಕಾರಿಗಳು ಡಿ.ಐ.ಆರ್. (ಕೌಟುಂಬಿಕ ಘಟನೆಯ ವರದಿ) ಅಂತ ಬರೆಯುವುದು ಇದನ್ನೇ. ಲೆಕ್ಕ ಇಡಲು ಇದಕ್ಕಿಂತ ಒಳ್ಳೆಯ ಹಾಳೆ ನಾನು ನೋಡಿಲ್ಲ. ದೈಹಿಕ, ಲೈಂಗಿಕ, ಮಾತಿನ ಮತ್ತು ಮಾನಸಿಕ, ಆರ್ಥಿಕ, ವರದಕ್ಷಿಣೆ ಅಂತ ಬೇರೆಬೇರೆ ಭಾಗ. ಗಂಡು ಮಗು ಆಗಲಿಲ್ಲ ಅಂತ ಹೀಯಾಳಿಸುವುದು, ಸಂಬಳ ಕಿತ್ತುಕೊಳ್ಳುವುದು, ಮಕ್ಕಳ ಖರ್ಚಿಗೆ ಕೊಡದಿರುವುದು, ಕೆಲಸಕ್ಕೆ ಹೋಗಲು ಬಿಡದಿರುವುದು, ಮನೆಯಿಂದ ಆಚೆ ಹಾಕುವುದು, ಎಲ್ಲಕ್ಕೂ ಹೆಸರಿದೆ. ಓದಿ ಹೇಳುತ್ತಾ ಹೋದರೆ "ಇದೂ ಬರುತ್ತಾ ಮೇಡಂ?" ಅಂತ ಕೇಳುತ್ತಾರೆ. ಉದ್ದ ಜಾಸ್ತಿ. ಅಳುತ್ತಾ ಕೂತವರ ಮುಂದೆ ಅದನ್ನು ತೆಗೆಯಬೇಡಿ. ಮೊದಲು ನೀರು ಕೊಟ್ಟು ಮಾತಾಡಿ, ಅವರು ಒಪ್ಪಿದರೆ ಬರೆಯಿರಿ.

ನಮ್ಮ ಲೆಕ್ಕವನ್ನು 44.4ರ ಪಕ್ಕ ಇಟ್ಟು ಹೋಲಿಸುವ ಹಾಗಿಲ್ಲ. ನಮ್ಮದು ಬಾಗಿಲಿಗೆ ಬಂದವರ ಲೆಕ್ಕ. ಇದೇ ಸಮೀಕ್ಷೆ ಪ್ರಕಾರ ದೇಶದಲ್ಲಿ ಹಿಂಸೆ ಅನುಭವಿಸಿದವರಲ್ಲಿ ಸಹಾಯ ಕೇಳಿದವರು ನೂರಕ್ಕೆ 14 ಮಂದಿ ಮಾತ್ರ. ಆ ಅಧಿಕಾರಿಗೆ ಅವತ್ತು ನಾನು ಹೇಳಬೇಕಿದ್ದದ್ದು ಇದು.

ಅಂಕ ಕೊಡುವುದಾದರೆ ರಾಜ್ಯದ ಹಾಳೆಗೆ ಐದಕ್ಕೆ ನಾಲ್ಕೂವರೆ. ಕನ್ನಡದಲ್ಲೂ ಇದ್ದಿದ್ದರೆ ಐದು. ಜಿಲ್ಲೆಯದಕ್ಕೆ, ಈ ವಿಷಯದ ಮಟ್ಟಿಗೆ, ಒಂದು. ನಮೂನೆ 1ಕ್ಕೆ ನಾಲ್ಕು.

ನೀವೂ ತಾಲ್ಲೂಕಿನ ಲೆಕ್ಕ ಹೊರಗೆ ಕೊಡುವವರಾದರೆ ನಾವು ಮಾಡಿದ ತಪ್ಪು ಮಾಡಬೇಡಿ. ಮೊದಲ ವರದಿಯಲ್ಲಿ ಹೆಸರು ಬಿಟ್ಟು ಊರು, ವಯಸ್ಸು, ಕಸುಬು ಹಾಕಿದ್ದೆವು. ಅದನ್ನು ನೋಡಿದ ಒಬ್ಬಾಕೆ ಬಂದು ಮೆಲ್ಲಗೆ ಅಂದರು: "ನಮ್ಮೂರಲ್ಲಿ ಬಟ್ಟೆ ಹೊಲಿಯೋಳು ನಾನೊಬ್ಬಳೇ ಅಲ್ವಾ ಮೇಡಂ." ಆ ವರದಿಯ ಪ್ರತಿಗಳನ್ನು ಕೊಟ್ಟ ಕಡೆಯೆಲ್ಲ ಹೋಗಿ ವಾಪಸ್ ತಂದೆವು. ಈಗ ಊರು, ಕಸುಬು ಎರಡೂ ಹಾಕುವುದಿಲ್ಲ. ಐದಕ್ಕಿಂತ ಕಡಿಮೆ ಮಂದಿ ಇರುವ ಕಡೆ ಅಂಕಿಯನ್ನೂ ಬರೆಯುವುದಿಲ್ಲ.