ಹಳೇ ಫೋಟೊ ಸ್ಕ್ಯಾನ್‌ಗೆ ಕೊಡುವ ಮುಂಚೆ ಇದನ್ನೊಮ್ಮೆ ಓದಿ

ಮನೆಯ ಹಳೇ ಆಲ್ಬಮ್ಮುಗಳನ್ನು ಅಂಗಡಿಗೆ ಕೊಟ್ಟು ಡಿಜಿಟಲ್ ಮಾಡಿಸುವ ಯೋಚನೆ ಇದ್ದರೆ ಸ್ವಲ್ಪ ತಡೀರಿ. ಶಿವಮೊಗ್ಗದ ಒಂದು ಅಂಗಡಿಗೆ ನಾವು ಹಾಗೇ ಕೊಟ್ಟಿದ್ದೆವು. ಅಂಗಡಿ ಹೆಸರು ಬೇಡ, ಇಂಥವರು ಎಲ್ಲಾ ಊರಲ್ಲೂ ಇರ್ತಾರೆ. ಬೋರ್ಡಿನ ಮೇಲೆ 'ಎಚ್‌ಡಿ ಸ್ಕ್ಯಾನಿಂಗ್' ಅಂತ ದೊಡ್ಡದಾಗಿ ಬರೆದಿತ್ತು. ಕೌಂಟರ್ ಮೇಲೆ ಸ್ಕ್ಯಾನರ್ ಕೂಡ ಇತ್ತು. ಫೋಟೊಗೆ 15 ರೂಪಾಯಿ, ಪೆನ್‌ಡ್ರೈವ್ ನಮ್ಮದೇ.

ಪೆನ್‌ಡ್ರೈವ್ ತಂದು ನೋಡಿದಾಗ ಮೊದಲು ಎಲ್ಲರಿಗೂ ಖುಷಿಯಾಯಿತು. ಫೋಟೊಗಳು ಫಳಫಳ ಅಂತಿದ್ದವು. ಅಮ್ಮ ಮಾತ್ರ ಅಜ್ಜಿಯ ಫೋಟೊವನ್ನು ದೊಡ್ಡದು ಮಾಡಿಸಿ ನೋಡಿ, "ಇದು ನಮ್ಮಮ್ಮ ಅಲ್ಲ ಕಣೇ" ಅಂದರು.

ನಿಜ. ಅಜ್ಜಿಯ ಮೂಗುಬೊಟ್ಟು ಮಾಯವಾಗಿತ್ತು. ಧೂಳು, ಚುಕ್ಕಿ ತೆಗೆಯುವ ಸಾಫ್ಟ್‌ವೇರಿಗೆ ಮುಖದ ಮೇಲಿನ ಸಣ್ಣ ಬಿಳಿ ಚುಕ್ಕಿಯೂ ಧೂಳೇ ಅಲ್ವಾ, ಒರೆಸಿ ಹಾಕಿತ್ತು. ಚಿಕ್ಕಜ್ಜನ ಕೆನ್ನೆ ತುಂಬಾ ಇದ್ದ ಸಿಡುಬಿನ ಕಲೆಗಳು ಹೋಗಿ ಮುಖ ನುಣ್ಣಗಾಗಿತ್ತು. ಆ ಕಾಲದಲ್ಲಿ ಸಿಡುಬು ಬಂದು ಬದುಕಿದ ಬಹಳ ಜನರ ಮುಖ ಹಾಗೇ ಇರುತ್ತಿತ್ತು. ಅದು ಫೋಟೊದ ದೋಷ ಅಲ್ಲ, ಚಿಕ್ಕಜ್ಜನ ಗುರುತು. ಕಣ್ಣಿಗೆ ಹೊಸದಾಗಿ ರೆಪ್ಪೆಕೂದಲು ಬಂದಿದ್ದವು, ಮದುವೆ ಫೋಟೊದಲ್ಲಿ ಹಿಂದೆ ನಿಂತವರಿಗೆಲ್ಲ ಸೀರಿಯಲ್ ನಟರ ಕಳೆ ಬಂದಿತ್ತು.

ಮಸುಕಾದ ಮುಖವನ್ನು 'ಕ್ಲಿಯರ್' ಮಾಡುವ ಎಐ ಆ್ಯಪ್‌ಗಳು ಫೋಟೊದಲ್ಲಿ ಇರೋದನ್ನು ಹುಡುಕಿ ತೋರಿಸುವುದಿಲ್ಲ. ಬೇರೆ ಯಾರ್‍ಯಾರದೋ ಮುಖಗಳನ್ನು ನೋಡಿ ಕಲಿತಿರುತ್ತವೆ. ಇಲ್ಲಿ ಇಂಥ ಕಣ್ಣು ಇರಬಹುದು ಅಂತ ಊಹಿಸಿ ತುಂಬುತ್ತವೆ. ಬಣ್ಣ ಸರಿಮಾಡೋದು ಬೇರೆ ಮಾತು. ಎಂಬತ್ತರ ದಶಕದ ನಮ್ಮ ಕಲರ್ ಫೋಟೊಗಳೆಲ್ಲ ಕೆಂಪಗಾಗಿದ್ದವು, ಅವನ್ನು ಅಂಗಡಿಯವರು ಚೆನ್ನಾಗಿಯೇ ಸರಿಮಾಡಿದ್ದರು, ಸುಳ್ಳು ಹೇಳಬಾರದು. ಆದರೆ ಮುಖಕ್ಕೆ ಕೈ ಹಾಕದ ಪ್ರತಿಯೂ ಬೇಕಲ್ಲ? ಕೇಳಿದರೆ ಅದನ್ನು ಉಳಿಸಿಕೊಂಡೇ ಇರಲಿಲ್ಲ. "ಕ್ಲಿಯರ್ ಆಗಿದೆಯಲ್ಲ ಮೇಡಂ, ಇನ್ನೇನು ಬೇಕು?" ಅಂತ ನನ್ನನ್ನೇ ಕೇಳಿದರು.

ಆಮೇಲೆ ನನ್ನ ತಮ್ಮ ಆ ಫೈಲುಗಳನ್ನು ಕಂಪ್ಯೂಟರಿನಲ್ಲಿ ತೆರೆದ. ಬಹಳಷ್ಟು ಫೈಲುಗಳ ಹೆಸರಿನಲ್ಲಿ ತಾರೀಖು, ಅದರ ನಂತರ 'ಡಬ್ಲ್ಯೂಎ' ಅನ್ನೋ ಇಂಗ್ಲಿಷ್ ಅಕ್ಷರಗಳು. ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸಾಪ್ ಮೂಲಕ ಬಂದ ಫೋಟೊಗಳಿಗೆ ಬೀಳುವ ಹೆಸರು ಅದು. ಅಂದರೆ ಕೌಂಟರಿನ ಸ್ಕ್ಯಾನರ್ ಬರೀ ಶೋಗೆ! ಹುಡುಗ ಯಾರೋ ಮೊಬೈಲಿನಲ್ಲಿ ಫೋಟೊ ಹೊಡೆದು ವಾಟ್ಸಾಪಿನಲ್ಲಿ ಕಳಿಸಿದ್ದಾನೆ. ಕೆಲವದರ ಮೂಲೆಯಲ್ಲಿ ಟ್ಯೂಬ್‌ಲೈಟಿನ ಬಿಳಿ ಗೆರೆ ಕೂಡ ಇತ್ತು.

ಫೈಲಿನ ವಿವರದಲ್ಲಿ 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ ಅನ್ನೋ ಅಳತೆ) ಅಂತ ಇತ್ತು. ಅದಕ್ಕೆ ಮರುಳಾಗಬೇಡಿ, ಆ ಸಂಖ್ಯೆಯನ್ನು ಯಾರು ಬೇಕಾದರೂ ಬದಲಾಯಿಸಬಹುದು. ಒಟ್ಟು ಪಿಕ್ಸೆಲ್, ಅಂದರೆ ಚಿತ್ರದ ಚುಕ್ಕಿಗಳು, ಎಷ್ಟು ಅಂತ ನೋಡಿ. ನಮ್ಮವು 960 × 1280 ಇದ್ದವು. ಅದನ್ನು 12 × 18 ಇಂಚಿಗೆ ಪ್ರಿಂಟ್ ಹಾಕಿಸಿದರೆ ಇಂಚಿಗೆ 70 ಚುಕ್ಕಿ ಚಿಲ್ಲರೆ ಬರುತ್ತದೆ, ಹತ್ತಿರದಿಂದ ನೋಡಿದರೆ ಕಲಸಿದ ಹಾಗೆ ಕಾಣುತ್ತದೆ. 4 × 6 ಇಂಚಿನ ಫೋಟೊವನ್ನು 600 ಡಿಪಿಐನಲ್ಲಿ ನಿಜವಾಗಿ ಸ್ಕ್ಯಾನ್ ಮಾಡಿದರೆ 2400 × 3600 ಪಿಕ್ಸೆಲ್ ಇರಬೇಕು. ಕಲರಿನಲ್ಲಿ ಸ್ಕ್ಯಾನ್ ಮಾಡಿ, ಕಂಪ್ರೆಸ್ ಮಾಡದೆ (ಒತ್ತಿ ಸಣ್ಣದು ಮಾಡದೆ) ಟಿಫ್ ಅನ್ನೋ ಬಗೆಯ ಫೈಲಾಗಿ ಇಟ್ಟರೆ ಒಂದೊಂದೂ ಸುಮಾರು 25 ಎಂಬಿ ಇರುತ್ತದೆ. ಪಾಸ್‌ಪೋರ್ಟ್ ಸೈಜಿನ ಸಣ್ಣ ಫೋಟೊ ಇದ್ದರೆ 1200 ಡಿಪಿಐ ಕೇಳಿ.

ಇಷ್ಟೇ ಆಗಿದ್ದರೆ ಇನ್ನೊಂದು ಕಡೆ ಮಾಡಿಸಬಹುದಿತ್ತು. ಹೊಟ್ಟೆ ಉರಿದದ್ದು ಅಸಲಿ ಫೋಟೊಗಳನ್ನು ನೋಡಿ. ಕಪ್ಪು ಹಾಳೆಯ ಆಲ್ಬಮ್, ಹಾಳೆಗಳ ನಡುವೆ ಬೆಣ್ಣೆ ಕಾಗದ, ನಾಲ್ಕು ಮೂಲೆಗೂ ಫೋಟೊ ಸಿಕ್ಕಿಸುವ ಕಾರ್ನರ್. ಮೆಲ್ಲಗೆ ಜಾರಿಸಿದರೆ ಸಾಕು, ಹೊರಗೆ ಬರುತ್ತವೆ. ಅವರು ಕಿತ್ತಿದ್ದರು. ಅಂಟಿಸಿದವುಗಳನ್ನು ಬ್ಲೇಡಿನಲ್ಲಿ ಎಬ್ಬಿಸಿದ್ದರು. ಕೆಲವದರ ಹಿಂದೆ ಅಜ್ಜ ಇಂಕ್ ಪೆನ್ನಿನಲ್ಲಿ ಊರು, ಇಸವಿ ಬರೆದಿದ್ದರು, ಆ ಪದರ ಅರ್ಧ ಕಪ್ಪು ಹಾಳೆಯಲ್ಲೇ ಉಳಿದಿದೆ. ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿಗೆ ತುಂಬಿ ಕೊಟ್ಟರು. ಯಾವುದರ ಪಕ್ಕ ಯಾವುದಿತ್ತು ಅನ್ನೋದು ಹೋಯಿತು.

ಅಜ್ಜ ಅಜ್ಜಿಯ ಮದುವೆ ಫೋಟೊಗೆ 'ಫ್ರೀ' ಅಂತ ಲ್ಯಾಮಿನೇಶನ್ ಬೇರೆ ಮಾಡಿದ್ದರು! ಬಿಸಿ ರೋಲರ್ ಕೆಳಗೆ ಹೋಗಿ, ಮೂಲೆಯಲ್ಲಿ ಬೆರಳಿಗೆ ಸಿಗುತ್ತಿದ್ದ ಸ್ಟುಡಿಯೋದ ಉಬ್ಬು ಮುದ್ರೆ ಚಪ್ಪಟೆಯಾಗಿದೆ. ಬಿಡಿಸೋಣ ಅಂದರೆ ಪ್ಲಾಸ್ಟಿಕ್ ಜೊತೆ ಚಿತ್ರವೇ ಎದ್ದು ಬರುತ್ತದೆ. ಹಳೇ ಫೋಟೊಗೆ ಲ್ಯಾಮಿನೇಶನ್ ಅಂತ ಯಾರಾದರೂ ಬಾಯಿ ತೆಗೆದರೆ ಆ ಅಂಗಡಿಯಿಂದ ಎದ್ದು ಬನ್ನಿ.

ಉಳಿದದ್ದನ್ನು ತಮ್ಮ ತನಗೆ ಗೊತ್ತಿದ್ದ ಒಬ್ಬರ ಹತ್ತಿರ ಎದುರಿಗೇ ಕೂತು ಮಾಡಿಸಿದ. ಮೊದಲು ಒಂದೇ ಫೋಟೊ ಕೊಟ್ಟು, ಫೈಲು ನೋಡಿ, ಆಮೇಲೆ ಉಳಿದದ್ದು ಕೊಟ್ಟದ್ದು. ಇದಕ್ಕಿಂತ ದೊಡ್ಡ ಉಪಾಯ ಇಲ್ಲ. ಕೊಡುವ ಮುಂಚೆ ಆಲ್ಬಮ್ಮಿನ ಪ್ರತಿ ಪುಟವನ್ನೂ ನಿಮ್ಮ ಮೊಬೈಲಿನಲ್ಲಿ ಹೊಡೆದಿಟ್ಟುಕೊಳ್ಳಿ, ಕ್ರಮ ಉಳಿಯುತ್ತದೆ. ಹಿಂಬದಿಯಲ್ಲಿ ಬರಹ ಇದ್ದರೆ ಅದನ್ನೂ ಸ್ಕ್ಯಾನ್ ಮಾಡಿಸಿ. ಗೋಡೆಯ ಫ್ರೇಮಿನಲ್ಲಿ ಗಾಜಿಗೆ ಕಚ್ಚಿಕೊಂಡ ಫೋಟೊ ಇದ್ದರೆ ಎಳೆಯಲು ಹೋಗಬೇಡಿ. ಮಲೆನಾಡಿನ ಮಳೆಗಾಲದ ತೇವಕ್ಕೆ ಫೋಟೊದ ಮೇಲ್ಪದರ ಮೆತ್ತಗಾಗಿ ಗಾಜಿಗೆ ಅಂಟಿರುತ್ತದೆ, ಗಾಜಿನ ಸಮೇತವೇ ಸ್ಕ್ಯಾನ್ ಆಗಲಿ. ನೆಗೆಟಿವ್ ಸಿಕ್ಕರೆ ನಿಮ್ಮ ಅದೃಷ್ಟ, ಪ್ರಿಂಟಿಗಿಂತ ಜಾಸ್ತಿ ವಿವರ ಅದರಲ್ಲಿರುತ್ತದೆ. ಆದರೆ ನೆಗೆಟಿವ್ ಸ್ಕ್ಯಾನ್ ಮಾಡುವ ಸ್ಕ್ಯಾನರ್ ಬೇರೆ, ಇದೆಯಾ ಅಂತ ಕಣ್ಣಾರೆ ನೋಡಿ.

ಜಗಳ ಮಾಡಿದ ಮೇಲೆ ಅಂಗಡಿಯವರು ಅರ್ಧ ದುಡ್ಡು ವಾಪಸ್ ಕೊಟ್ಟರು. ಅದಾದ ಮೇಲೆ ಇನ್ನೊಂದು ಗೊತ್ತಾಯಿತು. ನಮ್ಮ ಅಜ್ಜಿಯ ಎರಡು ಫೋಟೊ ಅಕ್ಕಪಕ್ಕ ಹಾಕಿ, 'ಮೊದಲು', 'ನಂತರ' ಅಂತ ಬರೆದು, ಅಂಗಡಿಯವರು ತಮ್ಮ ವಾಟ್ಸಾಪ್ ಸ್ಟೇಟಸ್‌ನಲ್ಲಿ ಜಾಹೀರಾತು ಮಾಡಿಕೊಂಡಿದ್ದರು. ನೆಂಟರೊಬ್ಬರು ನೋಡಿ ಫೋನ್ ಮಾಡಿದರು. ಹೇಳಿದ ಮೇಲೆ ತೆಗೆದರು, ಅಷ್ಟರಲ್ಲಿ ಎಷ್ಟು ಜನ ನೋಡಿದರೋ. 'ನಮ್ಮ ಫೋಟೊ ಎಲ್ಲೂ ಹಾಕಬಾರದು, ಕೆಲಸ ಮುಗಿದ ಮೇಲೆ ಅಳಿಸಬೇಕು, ತಿದ್ದದ ಪ್ರತಿ ಕೊಡಬೇಕು' ಅಂತ ರಸೀದಿಯ ಮೇಲೇ ಬರೆಸಿಕೊಳ್ಳಿ. ಬರೆದುಕೊಡಲ್ಲ ಅಂದರೆ ಆಲ್ಬಮ್ ಎತ್ತಿಕೊಂಡು ಬನ್ನಿ.